ಎತ್ತರದ ಮೆತ್ತೆ

ಭುಜ ನೋವು ಅಂದರೆ ಸಾಕು, ನಮ್ಮನೆಯವರು ಫೋಮ್ ಕತ್ತರಿಸೋಕೆ ಕೂರ್ತಾರೆ. ಸೋಫಾ ಹೊಲಿಯೋರ ಕೈಹಿಡಿದರೆ ಇದೇ ಗತಿ, ತಲೆನೋವಿಗೂ ಮೆತ್ತೆ, ಸಿಟ್ಟಿಗೂ ಮೆತ್ತೆ. ನನ್ನ ಗಾಲಿಕುರ್ಚಿಗೆ ಅವರು ಮೊದಲು ಹೊಲಿದದ್ದು ತೆಳ್ಳಗಿನದು. ನಾನು ಬಲಭುಜ ಹಿಡಿದುಕೊಂಡು ಮುಖ ಕಿವುಚಿದಾಗ ಅದಕ್ಕೆ ಇನ್ನೊಂದು ಪದರ ಸೇರಿತು. ಎಡಭುಜವೂ ಶುರುವಾದಾಗ ಮತ್ತೊಂದು. ಕೂತರೆ ಹಾಯಾಗಿರುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಆದರೆ ನೋವು ಮಾತ್ರ ಜಪ್ಪಯ್ಯ ಅಂದರೂ ಇಳಿಯಲಿಲ್ಲ.

ನಾನು ಶಾಲೆಯ ಲೈಬ್ರರಿಯಲ್ಲಿ ಕೆಲಸ ಮಾಡ್ತೀನಿ. ಮನೆಯಿಂದ ಅಲ್ಲಿಗೆ ಎರಡು ಬೀದಿ, ನಡುವೆ ಒಂದು ಏರು. ಸೊಂಟದ ಕೆಳಗೆ ಸ್ವಾಧೀನ ತಪ್ಪಿದ ಮೇಲೂ ಆ ಏರನ್ನ ಕೈಯಾರೆ ತಳ್ಳಿಕೊಂಡು ಹತ್ತಿದವಳು ನಾನು. ಯಾರಾದರೂ ಪುಣ್ಯ ಕಟ್ಟಿಕೊಳ್ಳೋಣ ಅಂತ ಹಿಂದಿನಿಂದ ಕೈ ಹಾಕಿದರೆ ಮೈಯೆಲ್ಲ ಉರಿಯುತ್ತೆ. ಹೇಳದೆ ಕೇಳದೆ ತಳ್ಳೋಕೆ ನಾನೇನು ತರಕಾರಿ ಗಾಡಿಯಾ? ಅಂಥವಳು ಈ ವರ್ಷ ಏರಿನ ಅರ್ಧಕ್ಕೇ ಬ್ರೇಕ್ ಹಾಕಿ, ಕಣ್ಣಲ್ಲಿ ನೀರು ತುಂಬಿಕೊಂಡು, ಯಾರಾದರೂ ಬರಲಿ ಅಂತ ಕಾಯುವ ಹಾಗಾಯಿತು.

ಡಾಕ್ಟರು ಭುಜ ಒತ್ತಿ ನೋಡಿದರು. "ನಿಮಗೆ ಈಗ ಭುಜಾನೇ ಕಾಲು ಕಣಮ್ಮ. ಹೀಗೇ ಸವೆಸಿದರೆ ಹಾಸಿಗೆಯಿಂದ ಕುರ್ಚಿಗೆ ದಾಟೋಕೂ ಇನ್ನೊಬ್ಬರು ಬೇಕಾಗ್ತಾರೆ. ನೋವು ಇಳಿಯದಿದ್ದರೆ ನೀವೇ ತಳ್ಳಿಕೊಳ್ಳೋದು ಬಿಡಬೇಕಾಗುತ್ತೆ," ಅಂದು ಫಿಸಿಯೋ ಹತ್ತಿರ ಕಳಿಸಿದರು. ಅವತ್ತು ನನಗೆ ಊಟ ಸೇರಲಿಲ್ಲ.

ಫಿಸಿಯೋ ಉದ್ದ ಜಡೆಯ ಹುಡುಗಿ. ನನ್ನ ಜೊತೆ ನಮ್ಮನೆಯವರೂ ಬಂದು ಬಾಗಿಲ ಹತ್ತಿರ ನಿಂತಿದ್ದರು. "ಆಂಟಿ, ಈ ಕಾರಿಡಾರಲ್ಲಿ ಒಂದು ಸಲ ಹೋಗಿ ಬನ್ನಿ, ನೋಡೋಣ," ಅಂದಳು. ಹೋಗಿ ಬಂದೆ. ಚಕ್ರದ ಪಕ್ಕ ಕೈಯಿಂದ ತಳ್ಳೋಕೆ ಉಕ್ಕಿನ ಬಳೆ ಇರುತ್ತಲ್ಲ, ಅದನ್ನ ತೋರಿಸಿ ನಕ್ಕಳು.

"ಕೋಳಿ ಕಾಳು ಹೆಕ್ಕೋ ಹಾಗೆ ಇದರ ಮೇಲ್ತುದಿಯಷ್ಟನ್ನೇ ಕುಕ್ತಿದ್ದೀರಿ. ಕೈ ಜೋತು ಬಿಡಿ ನೋಡೋಣ."

ಬೆರಳ ತುದಿ ಚಕ್ರದ ನಡುವಿನ ಅಚ್ಚಿಗೆ ತಾಗಬೇಕಂತೆ. ನನ್ನದು ಅರ್ಧ ಗೇಣು ಮೇಲೇ ಉಳಿಯಿತು.

"ನೀವು ಕೂತಿರೋದೇ ಎತ್ತರ ಆಂಟಿ. ಮೊಣಕೈ ಮಡಚೋಕೇ ಆಗ್ತಿಲ್ಲ. ಒಂದು ಸಲ ಉದ್ದಕ್ಕೆ ತಳ್ಳೋ ಕಡೆ ಚೋಟುದ್ದ ಚೋಟುದ್ದ ನಾಲ್ಕು ಸಲ ತಳ್ತೀರಿ. ಭುಜ ಪಾಪ ಏನು ಮಾಡುತ್ತೆ? ಈ ಮೆತ್ತೆ ಯಾರು ಕೊಟ್ಟಿದ್ದು?"

"ಎಲ್ಲೋ ಕೊಂಡಿದ್ದು," ಅಂದುಬಿಟ್ಟೆ.

"ನಾನೇ ಹೊಲಿದಿದ್ದು," ಅಂದರು ನಮ್ಮನೆಯವರು.

ಹುಡುಗಿಗೆ ಪಿಚ್ಚೆನಿಸಿತು. "ಹೊಲಿಗೆ ಚೆನ್ನಾಗಿದೆ ಅಂಕಲ್, ತೆಳ್ಳಗಿರಬೇಕು ಅಷ್ಟೆ. ಹಾಗಂತ ಮೆತ್ತೆ ಇಲ್ಲದೆ ಮಾತ್ರ ಕೂರಿಸಬೇಡಿ, ಹುಣ್ಣಾಗುತ್ತೆ," ಅಂದಳು.

ಮನೆ ಬರೋ ತನಕ ಅವರು ಮುಖ ಗಂಟಿಕ್ಕಿಕೊಂಡೇ ಇದ್ದರು. ನಾನು ಮಂಚಕ್ಕೆ ದಾಟಿದ ಮೇಲೆ ಕುರ್ಚಿಯನ್ನ ಮುಂದಿನ ಕೋಣೆಗೆ, ಅವರ ಅಂಗಡಿಗೆ, ತಳ್ಳಿಕೊಂಡು ಹೋದರು. ಸಿಟ್ಟು ಬಂದಿರಬೇಕು, ಬರಲಿ ಅಂದುಕೊಂಡೆ. ನನಗೇನು ಕಡಿಮೆ ಬಂದಿರಲಿಲ್ಲ. ಭುಜ ನನ್ನದು, ಕೆಲಸ ನನ್ನದು, ಮುಖ ಊದಿಸಿಕೊಳ್ಳೋರು ಇವರು.

ಬಾಗಿಲ ಸಂದಿಯಿಂದ ನೋಡಿದರೆ, ಅದೇ ಮೆತ್ತೆಯ ಮೇಲೆ ಇವರು ಕೂತಿದ್ದಾರೆ. ಬಿಚ್ಚಿಟ್ಟ ಸೋಫಾಗಳ ನಡುವೆ ಹಿಂದೆ ಮುಂದೆ ತಳ್ಳಿಕೊಂಡು ತಿರುಗ್ತಿದ್ದಾರೆ. ಸುಮಾರು ಹೊತ್ತು ತಿರುಗಿ, ತಮ್ಮ ಭುಜ ತಾವೇ ಒತ್ತಿಕೊಂಡು, ಆಮೇಲೆ ಕೆಳಗೆ ಕೂತು ಹೊಲಿಗೆ ಬಿಚ್ಚಿದರು. ನನ್ನ ಸಿಟ್ಟೆಲ್ಲ ಅಲ್ಲೇ ಕರಗಿಹೋಯಿತು.

ಸಂಜೆ ಕುರ್ಚಿ ತಂದಿಟ್ಟರು. ದಾಟಿ ಕೂತೆ. ಬೆರಳು ಅಚ್ಚಿಗೆ ತಾಗಿತು. ಬಳೆಯನ್ನ ಹಿಂದಿನಿಂದ ಹಿಡಿದು ಉದ್ದಕ್ಕೆ ಒಂದೇ ಒಂದು ಸಲ ತಳ್ಳಿದೆ ನೋಡಿ, ಕುರ್ಚಿ ಮಂಚದಿಂದ ಅಡುಗೆಮನೆ ಬಾಗಿಲ ತನಕ ತಾನಾಗಿಯೇ ಹೋಯಿತು. ನಾನು ನಕ್ಕೆ. ಅವರು ನಗಲಿಲ್ಲ.

"ಇನ್ನೇನ್ರೀ? ಸರಿಹೋಯ್ತಲ್ಲ."

"ಬರೀ ನೋವಿಗೆ ಅಂತ ಎತ್ತರಿಸಿದ್ದಲ್ಲ ಕಣೇ," ಅಂದರು. "ಅವತ್ತು ಕನ್ನಡಕದ ಅಂಗಡಿಯವನು, ಇವರಿಗೆ ಯಾವ ಫ್ರೇಮ್ ಬೇಕಂತೆ ಅಂತ ನನ್ನ ಕೇಳಿದ. ನೀನು ಅಲ್ಲೇ ಇದ್ದೆ. ಎಲ್ಲ ಕಡೆ ಹಾಗೇ. ಸ್ವಲ್ಪ ಮೇಲೆ ಬಂದರೆ ಅವರಿಗೆ ನಿನ್ನ ಮುಖ ಕಾಣುತ್ತೇನೋ ಅಂದುಕೊಂಡೆ. ಪದರ ಹಾಕಿದಾಗಲೆಲ್ಲ ಅದನ್ನೇ ಅಂದುಕೊಂಡೆ."

ಬೈಯೋಕೆ ಅಂತ ಬಾಯಿ ತೆರೆದಿದ್ದೆ. ಇಷ್ಟು ವರ್ಷ ಸಂಸಾರ ಮಾಡಿದ ಈ ಮನುಷ್ಯನ ಮೇಲೆ ಎಲ್ಲಿತ್ತೋ ಅಷ್ಟು ಪ್ರೀತಿ ಉಕ್ಕಿ ಬಂತು. "ನಾನು ಮೇಲೆ ಬಂದದ್ದು ಸಾಕು," ಅಂದೆ. "ನೀವೇ ಕೆಳಗೆ ಬನ್ನಿ."

ನೋವು ಒಂದೇ ಏಟಿಗೆ ವಾಸಿಯಾಗಲಿಲ್ಲ. ಜಡೆಯ ಹುಡುಗಿ ಕಲಿಸಿದ ಹಾಗೆ ಉದ್ದಕ್ಕೆ ತಳ್ಳಿ, ಕೈಯನ್ನ ಬಳೆಯ ಕೆಳಗಿಂದ ಹಾಯಾಗಿ ಹಿಂದಕ್ಕೆ ತರೋದನ್ನ ಮನೆಯೊಳಗೇ ರೂಢಿ ಮಾಡಿಕೊಂಡೆ. ರಾತ್ರಿ ಭುಜ ಚುಚ್ಚೋದು ನಿಂತ ಮೇಲೆ ಒಂದು ಬೆಳಿಗ್ಗೆ ಏರಿಗೆ ಹೊರಟೆ. ಅವರು ಪಕ್ಕದಲ್ಲೇ ನಡೆದು ಬಂದರು, ಕುರ್ಚಿ ಮುಟ್ಟಲಿಲ್ಲ.

ಅರ್ಧ ಏರಿನಲ್ಲಿ ನಮ್ಮ ಶಾಲೆಯ ಲೆಕ್ಕದ ಮೇಷ್ಟ್ರು ಎದುರಾದರು. ಇವರ ಮುಖ ನೋಡಿ, "ಹೇಗಿದೆ ಈಗ ಮೇಡಂ ಅವರ ಭುಜ?" ಅಂತ ಕೇಳಿದರು.

ನಮ್ಮನೆಯವರು, ಮಂಡಿ ನೋವಿನ ಮನುಷ್ಯ, ಕುರ್ಚಿಯ ಪಕ್ಕ ರಸ್ತೆಯಲ್ಲೇ ಕುಕ್ಕರಗಾಲಲ್ಲಿ ಕೂತು, ನನ್ನ ಮುಖ ನೋಡಿದರು. ಮಾತಾಡಿಸೋಕೆ ಮೇಲೆ ಯಾರೂ ಉಳಿಯಲಿಲ್ಲ. ಮೇಷ್ಟ್ರು ಬಗ್ಗಿ ನನ್ನ ಕಡೆ ನೋಡಲೇಬೇಕಾಯಿತು.

"ವಾಸಿಯಾಗ್ತಾ ಇದೆ ಸಾರ್," ಅಂದೆ. "ಸ್ವಲ್ಪ ದಾರಿ ಬಿಡಿ, ಇನ್ನೂ ಅರ್ಧ ಏರು ಇದೆ."