ಒಂದೇ ಒತ್ತು, ನಾಲ್ಕು ಏಟು

ನನ್ನ ಮಗಳು ಸುಲಭಕ್ಕೆ ಅಳುವವಳಲ್ಲ. ಹಲ್ಲಿನ ಸೆಟ್ಟು ಮಾಡುವ ಲ್ಯಾಬಿನಲ್ಲಿ ಆರು ವರ್ಷದಿಂದ ಕೆಲಸ ಮಾಡುತ್ತಾಳೆ. ಯಾರು ಬೈದರೂ, ಬೆರಳು ಸುಟ್ಟುಕೊಂಡರೂ ಮನೆಗೆ ಬಂದು ನಗುತ್ತಲೇ ಹೇಳುವವಳು. ಅಂಥವಳು ಆ ಭಾನುವಾರ ಮಧ್ಯಾಹ್ನ ಫೋನ್ ಮಾಡಿ "ಅಪ್ಪಾ" ಅಂದಳು. ಆಮೇಲೆ ಬಿಕ್ಕುವುದು ಬಿಟ್ಟು ಮಾತೇ ಇಲ್ಲ. ನನ್ನ ಜೀವ ಬಾಯಿಗೆ ಬಂತು.

"ಏನಾಯ್ತು ಪುಟ್ಟಿ? ಬಿದ್ಯಾ? ಎಲ್ಲಿದೀಯ?"

"ಪಂದ್ಯದ ಹಾಲಲ್ಲಿ. ನಾನು ಮೋಸ ಮಾಡಿದೀನಿ ಅಂತಿದಾರೆ. ಎರಡು ವರ್ಷ ಆಡೋ ಹಾಗಿಲ್ಲವಂತೆ."

ಕೈಕಾಲು ನೆಟ್ಟಗಿವೆಯಲ್ಲ ಎಂದು ಒಂದು ಗಳಿಗೆ ಉಸಿರು ಬಿಟ್ಟೆ. ಮರುಗಳಿಗೆಗೆ 'ಮೋಸ' ಎಂಬ ಮಾತು ಎದೆಗೆ ನಾಟಿತು.

ಅವಳು ಆಡುವುದು ಟೀವಿಯಲ್ಲಿ ಇಬ್ಬರು ಹೊಡೆದಾಡುವ ವಿಡಿಯೋ ಗೇಮ್. ನಾನು ಅದಕ್ಕೆ ಇಟ್ಟ ಹೆಸರು 'ಗುದ್ದಾಟ'. ಹತ್ತು ವರ್ಷದಲ್ಲಿ ಒಂದು ದಿನವೂ ಪಕ್ಕದಲ್ಲಿ ಕೂತು ನೋಡಿದವನಲ್ಲ. "ಇನ್ನೂ ಮುಗೀಲಿಲ್ವಾ ನಿನ್ನ ಗುದ್ದಾಟ?" ಎಂದು ಬಾಗಿಲಲ್ಲಿ ನಿಂತು ಕೇಳಿ ಹೋಗುವುದು, ಅಷ್ಟೇ.

"ಏನು ಮೋಸವಂತೆ?"

"ಜೋರು ಗುದ್ದಿನ ಗುಂಡಿ ಒಂದು ಸಲ ಒತ್ತಿದ್ರೆ ಪರದೆ ಮೇಲೆ ನಾಲ್ಕು ಸಲ ಬಿದ್ದಿದೆ. ಕೈಯಲ್ಲಿ ಹಿಡ್ಕೊಂಡು ಆಡೋ ಕಂಟ್ರೋಲರ್ ಒಳಗೆ ಏನೋ ಕೂರಿಸಿದೀನಂತೆ. ನಿಜವಾಗ್ಲೂ ಇಲ್ಲಪ್ಪ."

ಮೂವತ್ತೊಂದು ವರ್ಷದಿಂದ ನಾನು ಲಿಫ್ಟ್ ರಿಪೇರಿ ಮಾಡುತ್ತಿದ್ದೇನೆ. ಗುದ್ದಾಟ ಗೊತ್ತಿಲ್ಲದಿರಬಹುದು, ಗುಂಡಿ ಗೊತ್ತು.

"ಅದನ್ನ ತೀರ್ಪು ಕೊಡೋರ ಮೇಜಿನ ಮೇಲೇ ಇಡು. ನೀನೂ ಮುಟ್ಟಬೇಡ, ಬೇರೆಯವರಿಗೂ ಬಿಡಬೇಡ. ಬಂದೆ," ಎಂದು ರಿಪೇರಿ ಸಾಮಾನಿನ ಚೀಲ ಹೆಗಲಿಗೆ ಹಾಕಿಕೊಂಡೆ.

ಹಾಲಿನಲ್ಲಿ ಇನ್ನೂರು ಜನರಿರಬಹುದು. ನನ್ನ ಮಗಳು ಗೋಡೆ ಪಕ್ಕದ ಕುರ್ಚಿಯಲ್ಲಿ ಒಬ್ಬಳೇ ಕೂತಿದ್ದಳು. ಅವಳ ಎರಡೂ ಬದಿಯ ಕುರ್ಚಿ ಖಾಲಿ.

ತೀರ್ಪುಗಾರ್ತಿ ಕನ್ನಡಕ ಹಾಕಿದ, ಮೆತ್ತಗೆ ಮಾತಾಡುವ ಹೆಂಗಸು. "ನೀವು ತಂದೆ. ನೀವು ಹೇಳೋದನ್ನ ನಾನು ಹೇಗೆ ನಂಬಲಿ?" ಎಂದರು. ಕೇಳಿದ್ದು ನ್ಯಾಯವಾಗಿಯೇ ಇತ್ತು.

"ನಂಬೋದೇ ಬೇಡ ಮೇಡಂ. ನಾನು ಮುಟ್ಟೋದೂ ಇಲ್ಲ. ಈ ಗುಂಡಿಗಳು ಏನೇನು ಅಂತ ನನಗೇ ಗೊತ್ತಿಲ್ಲ, ಮೊದಲು ಅದನ್ನ ಮಗಳು ಹೇಳಲಿ."

ಮಗಳು ಮೂಗು ಒರೆಸಿಕೊಂಡು ಹತ್ತಿರ ಬಂದಳು. ಬಲಗಡೆ ನಾಲ್ಕು ಗುಂಡಿ: ಹಗುರ ಗುದ್ದು, ಜೋರು ಗುದ್ದು, ಹಗುರ ಒದೆ, ಜೋರು ಒದೆ. ಎರಡು ಗುದ್ದು ಒಟ್ಟಿಗೆ ಒತ್ತಿದರೆ ಎದುರಾಳಿಯನ್ನು ಹಿಡಿದೆತ್ತಿ ಎಸೆಯುವುದು. ಎಡಗಡೆಯ ಗುಂಡಿಯಲ್ಲಿ ಹಿಂದಕ್ಕೆ ಒತ್ತಿ ಹಿಡಿದರೆ ಏಟು ತಡೆಯುವುದು.

"ನಾಲ್ಕು ಸಲ ಬಿದ್ರೆ ಏನು ಲಾಭ?" ಎಂದೆ. "ಲಿಫ್ಟ್ ಗುಂಡೀನ ಜನ ಹತ್ತು ಸಲ ಒತ್ತುತ್ತಾರೆ. ಲಿಫ್ಟ್ ಬರೋದು ಒಂದೇ ಸಲ."

"ಇಲ್ಲಿ ಹಾಗಲ್ಲಪ್ಪ, ಒಂದೊಂದು ಒತ್ತೂ ಲೆಕ್ಕಕ್ಕೆ ಬರುತ್ತೆ. ಸರಿಯಾದ ಗಳಿಗೆಗೆ ಒತ್ತೋದೇ ಆಟ. ನಾಲ್ಕು ಸಲ ಬಿದ್ರೆ ಯಾವುದಾದ್ರೂ ಒಂದು ಆ ಗಳಿಗೆಗೆ ಸಿಕ್ಕೇ ಸಿಗುತ್ತೆ."

ನನಗೆ ಆಗ ಅರ್ಥವಾಯಿತು, ಅವಳ ಮೇಲೆ ಯಾಕೆ ಇಷ್ಟು ಕೋಪ ಎಂದು.

ದೂರು ಕೊಟ್ಟವನು ಅವಳ ಎದುರಾಳಿ, ದಪ್ಪ ಗಡ್ಡದ ಒಬ್ಬ ಬಡಗಿ. ಕೈಕಟ್ಟಿ ನಿಂತಿದ್ದ. "ನೀವೇ ಒತ್ತಿ ಸ್ವಾಮಿ," ಎಂದೆ. "ಒಂದೊಂದೇ ಸಲ, ನಿಧಾನಕ್ಕೆ."

ಒತ್ತಿದ. ಪರದೆಯ ಅಂಚಿನಲ್ಲಿ, ಒತ್ತಿದ್ದನ್ನು ತೋರಿಸುವ ಗುರುತು ಮೂರು ಬಿದ್ದವು. ಮತ್ತೆ ಒತ್ತಿದ, ಒಂದೇ. ಮತ್ತೆ, ನಾಲ್ಕು. ಆಮೇಲೆ ಒಂದೂ ಬೀಳಲಿಲ್ಲ. ಹುಬ್ಬು ಗಂಟಿಕ್ಕಿ ಗುಂಡಿಯನ್ನೇ ನೋಡಿದ.

"ಮೇಡಂ, ಬೇಕಂತ ಕೂರಿಸಿದ್ದಾದರೆ ಪ್ರತಿ ಸಲ ಒಂದೇ ಥರ ಬೀಳುತ್ತೆ. ಇದು ಮನಸ್ಸಿಗೆ ಬಂದ ಹಾಗೆ ಬೀಳ್ತಿದೆ. ಇದು ಸವೆದ ಗುಂಡಿ. ಬಿಚ್ಚಿಸಿ ನೋಡಿ."

ಅವರು ಬಡಗಿಯನ್ನೇ ಬಿಚ್ಚಲು ಹೇಳಿದರು. ನಾನು ಸ್ಕ್ರೂಡ್ರೈವರ್ ಕೊಟ್ಟು ಎರಡು ಹೆಜ್ಜೆ ಹಿಂದೆ ನಿಂತೆ. ಅವನು ಸ್ಕ್ರೂ ತೆಗೆಯುವಾಗ, ನನ್ನ ಮಗಳು ತನಗೇ ಗೊತ್ತಿಲ್ಲದಂತೆ ನನ್ನ ಅಂಗಿಯ ತೋಳು ಹಿಡಿದುಕೊಂಡಿದ್ದಳು. ಚಿಕ್ಕವಳಿದ್ದಾಗ ರಸ್ತೆ ದಾಟುವಾಗ ಹಿಡಿಯುತ್ತಿದ್ದ ಹಾಗೆ.

ಒಳಗೆ ಕಂಪನಿಯವರು ಇಟ್ಟದ್ದು ಬಿಟ್ಟು ಒಂದು ತಂತಿಯೂ ಹೆಚ್ಚಿಗೆ ಇರಲಿಲ್ಲ. ಪ್ರತಿ ಗುಂಡಿಯ ಕೆಳಗೂ ಪುಟ್ಟ ಬಟ್ಟಲಿನಂಥ ರಬ್ಬರು, ಅದರ ತಳದಲ್ಲಿ ಕರಿಯ ಬಿಲ್ಲೆ. ಗುಂಡಿ ಒತ್ತಿದಾಗ ಆ ಬಿಲ್ಲೆ ಕೆಳಗಿನ ಹಲಗೆಗೆ ತಾಗಿ ಕರೆಂಟು ಹರಿಯಬೇಕು. ಬಲಗಡೆಯ ನಾಲ್ಕರಲ್ಲಿ ಮೂರು ಬಿಲ್ಲೆ ಸರಿಯಾಗಿದ್ದವು. ಜೋರು ಗುದ್ದಿನದ್ದು ಮಾತ್ರ ಅರ್ಧ ಸವೆದು, ಸಿಪ್ಪೆ ಎದ್ದು ಅಲ್ಲಾಡುತ್ತಿತ್ತು.

"ತಾಗುತ್ತೆ, ಬಿಡುತ್ತೆ, ಮತ್ತೆ ತಾಗುತ್ತೆ," ಎಂದೆ. "ಯಂತ್ರ ಅದನ್ನೇ ನಾಲ್ಕು ಏಟು ಅಂತ ಎಣಿಸ್ತಿದೆ."

ತೀರ್ಪುಗಾರ್ತಿ ಆ ರಬ್ಬರನ್ನು ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದರು. ಆಮೇಲೆ ಮೈಕ್ ತೆಗೆದುಕೊಂಡು, ಇಡೀ ಹಾಲಿಗೆ ಕೇಳುವಂತೆ ಹೇಳಿದರು: "ಇದರಲ್ಲಿ ಮೋಸ ಏನೂ ಇಲ್ಲ. ಉಪಕರಣ ಕೆಟ್ಟಿದೆ. ಪಂದ್ಯ ಮೊದಲಿಂದ ಆಡಿಸ್ತೀವಿ. ಇವರನ್ನ ಅನುಮಾನಿಸಿದ್ದಕ್ಕೆ ಕ್ಷಮೆ ಕೇಳ್ತೀನಿ."

ಯಾರೋ ಚಪ್ಪಾಳೆ ತಟ್ಟಿದರು. ಮಗಳು ಮುಖ ಮುಚ್ಚಿಕೊಂಡು ಕೆಳಗೆ ಕೂತೇಬಿಟ್ಟಳು. ಈ ಸಲದ ಅಳು ಬೇರೆ ಥರದ್ದು, ನನಗೆ ಹೆದರಿಕೆಯಾಗಲಿಲ್ಲ. ಬಡಗಿ ತನ್ನ ಚೀಲದಿಂದ ಇನ್ನೊಂದು ಕಂಟ್ರೋಲರ್ ತೆಗೆದು ಅವಳ ಮುಂದೆ ಹಿಡಿದ. "ತಗೊಳ್ಳಿ. ದುಡುಕಿಬಿಟ್ಟೆ. ಇದು ಹೊಸದು, ಚೆನ್ನಾಗಿದೆ."

ಮೊದಲ ಸಲ ನಾನು ಗುದ್ದಾಟವನ್ನು ಕೂತು ನೋಡಿದೆ. ಅವಳು ಹಿಂದಕ್ಕೆ ಒತ್ತಿ ಏಟು ತಡೆಯುವುದು, ಕಾಯುವುದು, ಒಂದೇ ಒಂದು ಸಲ ಒತ್ತಿ ಅವನನ್ನು ಉರುಳಿಸುವುದು. ಅವಳ ಹೆಬ್ಬೆರಳು ಗಡಿಬಿಡಿ ಮಾಡುತ್ತಲೇ ಇರಲಿಲ್ಲ. ಹಲ್ಲಿನ ಅಚ್ಚಿಗೆ ಮೇಣ ಎರೆಯುವ ಕೈ ಅಲ್ಲವೇ! ಒಂದು ಸುತ್ತು ಅವಳಿಗೆ, ಒಂದು ಅವನಿಗೆ. ಮೂರನೆಯದರಲ್ಲಿ ಕೂದಲೆಳೆಯಲ್ಲಿ ಸೋತಳು.

ಏನು ಹೇಳಿ ಸಮಾಧಾನ ಮಾಡಲಿ ಎಂದು ನಾನು ಮಾತು ಹುಡುಕುತ್ತಿದ್ದರೆ ಅವಳು ನಗುತ್ತ ಬಂದಳು. "ಸೋತೆ ಅಪ್ಪಾ! ಸರಿಯಾಗಿ ಆಡಿ ಸೋತೆ!"

ಹಾಲಿನ ಹಿಂದಿನ ಕ್ಯಾಂಟೀನಿನಲ್ಲಿ ಇಬ್ಬರೂ ಕೂತೆವು. ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲವಂತೆ, ತನ್ನ ತಟ್ಟೆ ಮುಗಿಸಿ ನನ್ನದಕ್ಕೂ ಕೈ ಹಾಕಿದಳು. ತಿನ್ನುತ್ತಲೇ ಆ ಮೂರನೆಯ ಸುತ್ತಿನಲ್ಲಿ ಎಲ್ಲಿ ತಪ್ಪಿದೆ ಎಂದು ವಿವರಿಸುತ್ತಿದ್ದಳು. ನಾನು ಹೂಂ ಹೂಂ ಎನ್ನುತ್ತ ಚಹಾ ಎತ್ತಿಕೊಂಡೆ.

"ಅಪ್ಪಾ, ನಿನ್ನ ಚಹಾ ಆರ್ತಿದೆ."

ನೋಡಿದರೆ ಹೌದು. ಅವಳ ಮಾತು ಕೇಳುತ್ತ, ಎತ್ತಿದ ಲೋಟವನ್ನು ಬಾಯಿಗೆ ತರುವುದನ್ನೇ ಮರೆತಿದ್ದೆ.

"ಆರಲಿ ಬಿಡು," ಎಂದೆ. "ನೀನು ಹೇಳು, ಆ ಕೊನೇ ಏಟನ್ನ ಯಾಕೆ ತಡೀಲಿಲ್ಲ?"