ದೋಣಿಯ ಮೇಲಿನ ಕಾರ್ತೀಕ

ದತ್ತಾತ್ರಿಯವರ ನೌಕರಿ ಮುಗಿದಿತ್ತು, ಕಚೇರಿ ಮಾತ್ರ ಮುಗಿದಿರಲಿಲ್ಲ. ಗದಗಿನ ಒಂದು ಸರಕಾರಿ ಕಚೇರಿಯಲ್ಲಿ ಮೂವತ್ತೊಂದು ವರ್ಷ ಕಾರಕೂನಿಕೆ ಮಾಡಿ, ಎಪ್ಪತ್ತೊಂಬತ್ತರ ಜೂನಿನಲ್ಲಿ ಮನೆಗೆ ಬಂದು ಕೂತವರು, ಕಾಯಿಪಲ್ಯದ ಚೀಟಿಗೂ ನಂಬರು ಹಾಕಿ, ಕೆಳಗೆ ಸಹಿ ಮಾಡಿ, ಒಂದು ನಕಲು ತಮ್ಮ ಹತ್ತಿರ ಇಟ್ಟುಕೊಳ್ಳುತ್ತಿದ್ದರು. ಹೆಂಡತಿ ಸರಸ್ವತಿಬಾಯಿ ಅದನ್ನೆಲ್ಲ ನುಂಗಿಕೊಂಡಿದ್ದಳು. ಆದರೆ ಶ್ರಾವಣದಲ್ಲಿ ಒಂದು ದಿನ ಊಟಕ್ಕೆ ಕೂತಾಗ ಅವರು ಹೊಸದೊಂದು ಸಂಗತಿ ತೆಗೆದರು. ಈ ಸಲದ ಕಾರ್ತೀಕ ಸ್ನಾನ ತುಂಗಭದ್ರೆಯಲ್ಲಿ. ಅದೂ ಯಾವುದೋ ಒಂದು ಊರಿನ ದಂಡೆಯಲ್ಲಲ್ಲ. ತಿಂಗಳು ಪೂರ್ತಿ ದೋಣಿಯ ಮೇಲೆಯೇ ವಸ್ತಿ, ಅಲ್ಲಿಯೇ ಅಡಿಗೆ, ಅಲ್ಲಿಯೇ ನಿದ್ದೆ, ಊರಿಂದೂರಿಗೆ ತೇಲುತ್ತ ಹೋಗುವುದು. ಸರಸ್ವತಿಬಾಯಿಯ ಕೈಯಲ್ಲಿದ್ದ ಸೌಟು ಅಲ್ಲಿಯೇ ನಿಂತಿತು.

“ತುಳಸಾಂದು ಮೊದಲನೇ ಬಾಣಂತನ ಅದ ಅನ್ನೋದರ ನೆನಪದನೋ ಇಲ್ಲೋ ನಿಮಗ?”

“ಅದು ಮಾರ್ಗಶಿರದಾಗ. ನಾ ಲೆಕ್ಕಾ ಹಾಕೀನಿ. ಕಾರ್ತೀಕ ಮುಗಿಸಿಕೊಂಡು ಬಂದು ಕರಕೊಂಡು ಬರೋಣ.”

“ನಿಮ್ಮ ಲೆಕ್ಕಾ ಆ ಕೂಸಿಗೆ ಯಾರು ಹೇಳ್ಯಾರ?”

ದತ್ತಾತ್ರಿಯವರು ಮಾತು ಮುಗಿಯಿತು ಎನ್ನುವಂತೆ ಮಜ್ಜಿಗೆ ಅನ್ನ ಕಲಸಿದರು. ಅವರಲ್ಲಿ ಅದೇ ಹುಕುಂ.

ತುಳಸಾ ಒಬ್ಬಳೇ ಮಗಳು. ಲಕ್ಷ್ಮೇಶ್ವರದ ಸಾಲಿ ಮಾಸ್ತರ ಗೋಪಾಲನಿಗೆ ಕೊಟ್ಟಿದ್ದರು. ಮೊದಲ ಹೆರಿಗೆ ತವರಿನಲ್ಲಿ ಆಗಬೇಕು. ಅದನ್ನು ಯಾರೂ ಕೇಳಿ ಹೇಳಿ ಮಾಡುವುದಿಲ್ಲ. ಏಳನೆಯ ತಿಂಗಳಲ್ಲಿ ಕರೆತರೋಣವೆಂದರೆ ಮನೆಗೆ ಬೀಗ ಬೀಳುವುದಿತ್ತು. ಎಂಟರಲ್ಲಿ ಪ್ರಯಾಣ ಮಾಡಿಸುವಂತಿಲ್ಲ. ಇನ್ನು ಒಂಬತ್ತು ಬಿದ್ದ ಮೇಲೆಯೇ. ಸರಸ್ವತಿಬಾಯಿಗೆ ಮಗಳ ಕಡೆಯಿಂದ ಬೇರೆ ಏನೂ ಬೇಕಿರಲಿಲ್ಲ, ಹೆರಿಗೆಯ ಬ್ಯಾನಿ ಬಂದ ಹೊತ್ತಿನಲ್ಲಿ ಪಕ್ಕದಲ್ಲಿ ಕೂತಿರಬೇಕು, ಅಷ್ಟೇ. ಆಕೆಯ ಮೊದಲ ಹೆರಿಗೆಯಲ್ಲಿ ಆಕೆಯ ತಾಯಿ ಒಂದು ಹಗಲು ಒಂದು ರಾತ್ರಿ ಕೈ ಬಿಡದೆ ಕೂತಿದ್ದಳು. ಆ ಕೈ ಇಲ್ಲದಿದ್ದರೆ ತಾನು ಅಂದೇ ಹೋಗಿಬಿಡುತ್ತಿದ್ದೆ ಎಂದು ಸರಸ್ವತಿಬಾಯಿ ಇಂದಿಗೂ ಖರೇ ನಂಬಿದ್ದಾಳೆ.

ಆಕೆ ಮನೆಯಲ್ಲೇ ಉಳಿದು ಅವರೊಬ್ಬರೇ ಹೋಗಬಹುದಿತ್ತಲ್ಲ ಎಂದು ನೀವು ಕೇಳಬಹುದು. ಆಗುವುದಿಲ್ಲ. ಸಂಕಲ್ಪ ದಂಪತಿಗಳದು. ಪುರೋಹಿತರು ಅವರ ಶಲ್ಯಕ್ಕೂ ಇವಳ ಸೆರಗಿಗೂ ಗಂಟು ಹಾಕಿ, ತಿಂಗಳು ಮುಗಿಯುವವರೆಗೆ ದಂಡೆಯ ಮೇಲೆ ಮಲಗುವುದಿಲ್ಲ, ನದಿ ಬಿಟ್ಟು ಹೋಗುವುದಿಲ್ಲ ಎಂದು ಹೇಳಿಸಿ ನೀರು ಬಿಡಿಸಿದರು. ಮಂತ್ರ ದತ್ತಾತ್ರಿಯವರು ಹೇಳಿದರು, ನೀರು ಈಕೆಯ ಕೈಯಿಂದಲೂ ಬಿತ್ತು.

ಅಳಿಯನಿಗಾಗಿ ದತ್ತಾತ್ರಿಯವರು ಒಂದು ಪ್ರವಾಸಪತ್ರಿಕೆ ಬರೆದರು. ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ ದೋಣಿ ಯಾವ ಊರಿನ ದಂಡೆಯಲ್ಲಿ ಇರುತ್ತದೆ, ಹತ್ತಿರದ ಬಸ್ಸು ಎಲ್ಲಿ, ಎಲ್ಲವೂ ಅದರಲ್ಲಿತ್ತು. ಮೂರು ಪ್ರತಿ ತೆಗೆದು ಒಂದನ್ನು ಲಕ್ಷ್ಮೇಶ್ವರಕ್ಕೆ ಕಳಿಸಿದರು. ತುಳಸಾ ಅದನ್ನು ಒಳಕೋಣೆಯ ಗೋಡೆಗೆ ಅಂಟಿಸಿಕೊಂಡಳಂತೆ.

ದೋಣಿ ಮಹಬೂಬಸಾಬನದು. ಬಿದಿರು ತಟ್ಟಿಯ ಛತ್ತು, ಹಿಂದೆ ಮುಂದೆ ಬಯಲು. ಅವನೂ ಹೆಂಡತಿ ರಮಜಾನಬಿಯೂ ಇಪ್ಪತ್ತು ವರ್ಷದಿಂದ ಅದರಲ್ಲೇ ಇದ್ದವರು. ದಂಡೆಯಲ್ಲಿ ಅವರಿಗೆ ಮನೆ ಇಲ್ಲ, ಬೇಕೂ ಅನಿಸಿರಲಿಲ್ಲ. ಹೊಳೆ ಇಟಗಿಯಲ್ಲಿ ಇವರು ಹತ್ತಿದಾಗ ರಮಜಾನಬಿ ತನ್ನ ಒಲೆಯನ್ನು ಹಿಂದಿನ ತುದಿಗೆ ಒಯ್ದು, ಮುಂದಿನ ಅರ್ಧವನ್ನು ತೊಳೆದು ಬಳಿದು ಮಡಿಗೆ ಬಿಟ್ಟುಕೊಟ್ಟಳು. ನಡುವೆ ಒಂದು ಚಾಪೆ ಇಳಿಬಿಟ್ಟರು. ಚಾಪೆಯ ಆಚೆ ರೊಟ್ಟಿ ಬಡಿಯುವ ಸಪ್ಪಳ, ಈಚೆ ಗಂಟೆಯ ಸಪ್ಪಳ. ಮೊದಲ ನಾಲ್ಕು ದಿನ ಸರಸ್ವತಿಬಾಯಿಗೆ ತಲೆ ತಿರುಗಿ ಅನ್ನ ಸೇರಲಿಲ್ಲ. ಐದನೆಯ ದಿನದಿಂದ, ಪಾಪ, ಮಾತಾಡುವ ಮನುಷ್ಯರು ಬೇಕಲ್ಲ, ಚಾಪೆಯ ಹತ್ತಿರ ಕೂತು ರಮಜಾನಬಿಯೊಡನೆ ಮಾತಿಗೆ ಹತ್ತಿದಳು.

“ನನ್ನ ನಾಕೂ ಮಕ್ಳು ಇದರಾಗ ಹುಟ್ಯಾವ್ರಿ ಬಾಯಾರ,” ಎಂದಳು ರಮಜಾನಬಿ.

“ಯಾರು ಇದ್ರು ನಿನ್ನ ಹಂತ್ಯಾಕ?”

“ಮೂರಕ್ಕ ನಮ್ಮವ್ವ ಇದ್ಲು. ನಾಕನೇದಕ್ಕ ಯಾರೂ ಇರ್ಲಿಲ್ರಿ. ಅದರದ್ದು ಬ್ಯಾಡ ಬಿಡ್ರಿ.”

ಸರಸ್ವತಿಬಾಯಿ ಚಾಪೆಯ ಈಚೆ ಬತ್ತಿ ಹೊಸೆಯಲು ಹತ್ತಿದಳು.

ಹದಿನೈದು ದಿನ ಎಲ್ಲವೂ ಕಾಗದದಲ್ಲಿದ್ದಂತೆಯೇ ನಡೆಯಿತು. ಬರೆದ ದಿನ ಬರೆದ ಊರು. ದತ್ತಾತ್ರಿಯವರು ಊರು ಮುಟ್ಟಿದ ಕೂಡಲೇ ತಮ್ಮ ಪ್ರತಿಯಲ್ಲಿ ಕೆಂಪು ಪೆನ್ಸಿಲಿನಿಂದ ಟಿಕ್ಕು ಹಾಕುತ್ತಿದ್ದರು. ನವೆಂಬರ ಏಳು, ಎಂಟು, ಒಂಬತ್ತು ಸಿಂಗಟಾಲೂರು. ಹತ್ತರಿಂದ ಕೊರ್ಲಹಳ್ಳಿ.

ಐದನೇ ತಾರೀಖಿನ ಸಂಜೆ, ಸಿಂಗಟಾಲೂರು ಇನ್ನೂ ಮೂರು ಹರದಾರಿ ಇರುವಾಗ, ನದಿಯ ನಡುವೆ ಒಂದು ಒಳ್ಳೆಯ ಉಸುಕಿನ ದಿಣ್ಣೆ ಕಂಡಿತು. ಬೆಳಗಿನ ಸ್ನಾನಕ್ಕೆ ಅಲ್ಲಿಯೇ ನಿಲ್ಲಿಸು ಎಂದರು ದತ್ತಾತ್ರಿಯವರು. ಮಹಬೂಬಸಾಬ ಗಳ ಊರಿ ನಿಂತ.

“ಬ್ಯಾಡ್ರಿ ರಾಯರ, ಹೊಳಿ ಇಳ್ಯಾಕ ಹತ್ತೇತಿ. ಆಳಕ್ಕ ಕಟ್ಟೂನು.”

“ಆಳದಾಗ ಇಕಿ ಹೆಂಗ ಮುಳುಗ್ತಾಳ? ದಿಣ್ಣಿಗೇ ಕಟ್ಟು.”

ಇಕಿಯ ಮೇಲೆ ಕಾಳಜಿ ಅವರಿಗೆ ಇಲ್ಲವೆಂದಲ್ಲ, ಇತ್ತು. ಇದ್ದದ್ದೇ ಮುಳುವಾಯಿತು. ಬೆಳಗಾಗುವಷ್ಟರಲ್ಲಿ ನೀರು ಒಂದು ಗೇಣು ಇಳಿದು ದೋಣಿ ಉಸುಕಿನ ಮೇಲೆ ಕೂತಿತ್ತು.

ಸಾಮಾನು ಇಳಿಸಿ ಹಗುರ ಮಾಡಿ ನೂಕಬೇಕಿತ್ತು. ಆದರೆ ಸಾಮಾನೆಲ್ಲ ಮಡಿಯದು; ಅಕ್ಕಿ, ಹಿಟ್ಟು, ಹಂಡೆ, ದೇವರ ಪೆಟ್ಟಿಗೆ, ಒಂದನ್ನೂ ಮಹಬೂಬಸಾಬ ಮುಟ್ಟುವಂತಿಲ್ಲ. ಅರವತ್ತರ ಹತ್ತಿರದ ಮನುಷ್ಯ ದತ್ತಾತ್ರಿಯವರು ಒಬ್ಬರೇ ಇಳಿಸಲು ಹೋಗಿ, ಅಕ್ಕಿಯ ಚೀಲ ಎತ್ತುವಾಗ ನಡು ಹಿಡಿದುಕೊಂಡು ಅಲ್ಲಿಯೇ ಮಲಗಿದರು. ಸರಸ್ವತಿಬಾಯಿ ಉಳಿದದ್ದನ್ನು ಒಂದೊಂದಾಗಿ ಹೊತ್ತು ಹಾಕಿದಳು, ಮೊಣಕಾಲು ನೀರಿನಲ್ಲಿ, ನೀರೆಂದರೆ ಸಾಯುವಷ್ಟು ಹೆದರುವ ಹೆಂಗಸು. ಇಳಿಸಿದ ಮೇಲೂ ದೋಣಿ ಮಿಸುಕಲಿಲ್ಲ. ಹತ್ತು ಆಳು ಬೇಕು ಎಂದು ಮಹಬೂಬಸಾಬ ನೀರು ಹಾಯ್ದು ದಂಡೆಗೆ ಹೋದ. ಹಿಂಗಾರಿ ಬಿತ್ತಿಗೆಯ ಹಂಗಾಮು, ಯಾರಿಗೂ ಪುರಸೊತ್ತಿಲ್ಲ. ನಾಳೆ ಬರುತ್ತೇವೆ ಅಂದರು, ನಾಳೆ ನಾಡಿದ್ದಾಯಿತು.

ಏಳನೇ ತಾರೀಖು ಬೆಳಿಗ್ಗೆ ಸರಸ್ವತಿಬಾಯಿ ಗಂಡನ ನಡುವಿಗೆ ಎಣ್ಣೆ ತಿಕ್ಕುತ್ತ ಬಾಯಿ ಬಿಟ್ಟಳು. “ಇವತ್ತಿಗೆ ನಾವು ಸಿಂಗಟಾಲೂರಾಗ ಇರಬೇಕಿತ್ತು. ಯಾರರೆ ಹುಡುಕಿಕೊಂಡು ಬಂದ್ರ?”

“ಯಾರು ಬರ್ತಾರ? ಇನ್ನೂ ತಿಂಗಳಿನ ಮಾತದ.”

ಮಹಬೂಬಸಾಬ ಹಿಂದಿನಿಂದ ಹೇಳಿದ. “ದಂಡ್ಯಾಗ ಕುರುಬರು ಅದಾರ್ರಿ. ಒಬ್ಬವ್ನ ಸಿಂಗಟಾಲೂರಿಗೆ ಕಳಿಸಿ, ದೋಣಿ ಇಲ್ಲೇ ಸಿಕ್ಕೊಂಡೈತಿ ಅಂತ ಗುಡ್ಯಾಗ ಹೇಳಿಸೂನೇನ್ರಿ?”

ದತ್ತಾತ್ರಿಯವರು ಸ್ವಲ್ಪ ಹೊತ್ತು ವಿಚಾರ ಮಾಡಿದರು. ದಿಣ್ಣೆಗೆ ಹೆಸರಿಲ್ಲ. ಹೆಸರಿಲ್ಲದ ಜಾಗದಲ್ಲಿ ಇದ್ದೇವೆಂದು ಏನೆಂದು ತಿಳಿಸುವುದು? ಅದಲ್ಲದೆ ತಮ್ಮ ಕಾಗದ ತಪ್ಪಿತು ಎಂದು ಊರಿಗೆಲ್ಲ ಡಂಗುರ ಸಾರಿದಂತಾಗುತ್ತದೆ. “ಬ್ಯಾಡ. ನಾಳೆ ನೀರಿಗೆ ಬಿದ್ರ ನಾಡದು ಮುಟ್ಟೇ ಬಿಡ್ತೇವಿ. ಒಂಬತ್ತರ ತನಕಾ ಸಿಂಗಟಾಲೂರೇ ಅದಲ್ಲ,” ಎಂದರು.

ಸರಸ್ವತಿಬಾಯಿ ಆಚೆ ದಂಡೆ ನೋಡಿದಳು. ಆಕೆ ಜನ್ಮದಲ್ಲಿ ಒಬ್ಬಳೇ ಬಸ್ಸು ಹತ್ತಿದವಳಲ್ಲ. ಚಾಪೆಯ ಆಚೆಯಿಂದ ರಮಜಾನಬಿ ಮೆಲ್ಲಗೆ, “ಹೋಗ್ತೀರೇನ್ರಿ ಬಾಯಾರ? ನಾ ಕರಕೊಂಡು ಹೊಕ್ಕೀನಿ, ಮುಂಡರಗಿ ತನಕಾ,” ಎಂದಳು. ಸರಸ್ವತಿಬಾಯಿಗೆ ಹೂಂ ಎನ್ನಬೇಕೆನಿಸಿತು. ನಾಲಿಗೆಯ ತುದಿಗೆ ಬಂದಿತ್ತು. ಆದರೆ ಕೈಯಿಂದ ಬಿದ್ದ ನೀರು ನೆನಪಾಯಿತು. ವ್ರತ ಮುರಿದು ಹೋದರೆ, ಆ ದೋಷ ಹೋಗಿ ಹೋಗಿ ಯಾರಿಗೆ ತಟ್ಟುತ್ತದೆ? ಬಸುರಿ ಮಗಳಿಗೇ ಅಲ್ಲವೇ? ಈ ಒಂದು ಹೆದರಿಕೆಗೆ ಆಕೆ ಕೂತಲ್ಲಿಯೇ ಕೂತಳು. ಮಗಳ ಸಲುವಾಗಿ ಏಳಬೇಕಾದವಳು ಮಗಳ ಸಲುವಾಗಿಯೇ ಏಳಲಿಲ್ಲ, ನೋಡಿ.

ಎಂಟು ಹೋಯಿತು, ಒಂಬತ್ತು ಹೋಯಿತು, ಹತ್ತು ಹೋಯಿತು. ಆಳುಗಳು ಹತ್ತಕ್ಕೆ ಬಂದು ನೂಕಿದರು; ದೋಣಿ ಒಂದು ಮಾರು ಸರಿದು ಮತ್ತೆ ಕೂತಿತು. ಹನ್ನೊಂದರ ಮಧ್ಯಾಹ್ನ ಒಂದು ಹರಗೋಲು ಕೆಳಗಿನಿಂದ ದಂಡೆ ಹಿಡಿದು ಬಂತು. ಅದರಲ್ಲಿ ಗೋಪಾಲ ಕೂತಿದ್ದ. ಗಡ್ಡ ಬೆಳೆದಿತ್ತು, ಕೈಯಲ್ಲಿ ಮಾವನ ಕಾಗದ ಬೆವರಿಗೆ ನೆನೆದು ಮೆತ್ತಗಾಗಿತ್ತು.

ದತ್ತಾತ್ರಿಯವರು ನಡು ಹಿಡಿದುಕೊಂಡು ಎದ್ದರು. ಸರಸ್ವತಿಬಾಯಿಗೆ ಕೇಳುವ ಮೊದಲೇ ತಿಳಿದಿತ್ತು.

“ಏಳರ ಸಂಜಿಗೆ ಬ್ಯಾನಿ ಸುರು ಆದ್ವು,” ಎಂದ ಗೋಪಾಲ. “ಎಂಟಕ್ಕ ಮುಂಜಾನೆ ಮೊದಲನೇ ಬಸ್ಸಿಗೆ ಸಿಂಗಟಾಲೂರಿಗೆ ಬಂದೆ. ದೋಣಿ ಇರ್ಲಿಲ್ಲ. ಬರ್ತೀರಿ ಅಂತ ಒಂಬತ್ತರ ತನಕಾ ದಂಡ್ಯಾಗ ಕೂತೆ. ಯಾರೋ ಒಂದು ದೋಣಿ ಕೆಳಗ ಹೋತು ಅಂದ್ರು. ಕೊರ್ಲಹಳ್ಳಿಗೆ ಹೋದೆ. ಅಲ್ಲೂ ಇಲ್ಲ. ಈ ಹರಗೋಲಿನವ್ರು ನಿಮ್ಮನ್ನ ನೋಡೀನಿ ಅಂತ ನಿನ್ನೆ ರಾತ್ರಿ ಹೇಳಿದ್ರು.”

“ತುಳಸಾ?” ಎಂದರು ದತ್ತಾತ್ರಿಯವರು.

“ನಂಗೂ ಗೊತ್ತಿಲ್ರಿ ಮಾವಾ. ನಾ ಮನಿ ಬಿಟ್ಟು ನಾಕು ದಿನಾ ಆತು.”

ಸರಸ್ವತಿಬಾಯಿ ಹರಗೋಲಿಗೆ ಇಳಿದಳು. ಚಪ್ಪಲಿ ಇಲ್ಲ, ಗಂಟಿಲ್ಲ, ಗಂಡನ ಮುಖ ಕೂಡ ನೋಡಲಿಲ್ಲ. ದತ್ತಾತ್ರಿಯವರು ದೇವರ ಪೆಟ್ಟಿಗೆಯನ್ನು ಮಹಬೂಬಸಾಬನ ಕೈಗೇ ಕೊಟ್ಟು ಹಿಂದೆ ಇಳಿದರು. ಸಂಕಲ್ಪದ ಮಾತು ಇಬ್ಬರಲ್ಲಿ ಯಾರೂ ಎತ್ತಲಿಲ್ಲ. ಮುಂಡರಗಿಯಲ್ಲಿ ಸಂಜೆಯ ಬಸ್ಸು ತಪ್ಪಿತು. ಮಾರನೆಯ ದಿನ ಶಿರಹಟ್ಟಿಯ ಮೇಲೆ ಹಾಯ್ದು ಲಕ್ಷ್ಮೇಶ್ವರ ಮುಟ್ಟಿದಾಗ ಹೊತ್ತು ನೆತ್ತಿಗೆ ಬಂದಿತ್ತು.

ಬೀಗತಿ ಜಾನಕೀಬಾಯಿ ಅಂಗಳದಲ್ಲಿಯೇ ಎದುರಾದಳು. ಆಕೆಯ ಮುಖದಲ್ಲಿ ಸಿಟ್ಟು ಕೂಡ ಉಳಿದಿರಲಿಲ್ಲ.

“ಹುಡುಗಿ ಉಳದಾಳ್ರಿ,” ಎಂದಳು. “ಕೂಸು ಅಡ್ಡ ಅದ, ಗದಗಿಗೆ ಒಯ್ರಿ ಅಂತ ಸೂಲಗಿತ್ತಿ ಎಂಟಕ್ಕೇ ಹೇಳಿದ್ಲು. ಮೋಟಾರೂ ತರಿಸಿದ್ವಿ. ಇಕಿ ಏಳಲಿಲ್ಲ. ಅವ್ವ ಸಿಂಗಟಾಲೂರಾಗ ಇದ್ದಾಳ, ಇವತ್ತು ಬರ್ತಾಳ, ಅಕಿ ಬಂದ್ಮ್ಯಾಲೆ ಹೋಗೋಣು ಅಂದ್ಲು. ಬರೀ ಗ್ವಾಡಿ ಮ್ಯಾಲಿನ ಕಾಗದಾ ತೋರಸ್ತಿದ್ಲು. ನಮ್ಮಪ್ಪ ಬರದದ್ದು ಎಂದೂ ತಪ್ಪಂಗಿಲ್ಲ ಅಂದ್ಲು. ಹತ್ತಕ್ಕ ಎಚ್ಚರಾ ತಪ್ಪಿದ ಮ್ಯಾಲೆ ಹೊತ್ತು ಒಯ್ದ್ವಿ. ಗಂಡು ಕೂಸು ಇತ್ತು. ಜೀವಾ ಇರ್ಲಿಲ್ಲ. ನಿನ್ನೆ ಸಂಜಿಗೆ ಹಟಾ ಮಾಡಿ ಮನಿಗೆ ಬಂದಾಳ, ನೀವು ಇಲ್ಲಿಗೇ ಬರ್ತೀರಿ ಅಂತ.”

ಗೋಪಾಲ ತುಳಸಿಕಟ್ಟೆಯ ಹತ್ತಿರ ಹೋಗಿ ಕೂತ. ದತ್ತಾತ್ರಿಯವರು ಪಡಸಾಲೆಯ ಬಾಗಿಲಿನ ಚೌಕಟ್ಟು ಹಿಡಿದು ನಿಂತರು. ಒಳಗೆ ಕಾಲಿಡಲು ಅವರಿಂದಾಗಲಿಲ್ಲ.

ಸರಸ್ವತಿಬಾಯಿ ಒಳಕೋಣೆಗೆ ಹೋದಳು. ತುಳಸಾ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ತಾಯಿಯ ಬಳೆಯ ಸಪ್ಪಳಕ್ಕೆ ಹೊರಳಿದಳು. ಬೈಯುತ್ತಾಳೆ, ಅಳುತ್ತಾಳೆ, ಮೈಮೇಲೆ ಬೀಳುತ್ತಾಳೆ ಎಂದು ಸರಸ್ವತಿಬಾಯಿ ದಾರಿಯುದ್ದಕ್ಕೂ ಎದೆ ಗಟ್ಟಿ ಮಾಡಿಕೊಂಡು ಬಂದಿದ್ದಳು. ಅದೇನೂ ಆಗಲಿಲ್ಲ. ಚಿಕ್ಕಂದಿನಲ್ಲಿ ಏನಾದರೂ ತಿಳಿಯದಿದ್ದರೆ ಕೇಳುತ್ತಿದ್ದ ದನಿಯಲ್ಲಿಯೇ ಆಕೆ ಕೇಳಿದಳು.

“ಅವ್ವಾ, ಮುಂಜಾನಿಂದ ಹಾಲು ಬರ್ಲಿಕ್ಹತ್ಯಾವ. ಏನ್ಮಾಡ್ಲಿ?”

ಕುಪ್ಪಸ ಮುಂದೆ ನೆನೆದಿತ್ತು. ಸರಸ್ವತಿಬಾಯಿ ಪಕ್ಕದಲ್ಲಿ ಕೂತು ಮಗಳ ಕೈ ಹಿಡಿದುಕೊಂಡಳು.