ತೊಟ್ಟಿಯೊಳಗಿನ ಬಾಯಿ

ಅಕ್ಟೋಬರ್ ಹದಿನಾಲ್ಕು, ಮಂಗಳವಾರ, ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷ.

"ಲೇ ಮುಂಡೇದೇ, ಹಗ್ಗ ಹಿಡ್ಕೊಂಡು ನಿಂತಲ್ಲೇ ನಿದ್ದೆ ಹೊಡೀತಿದೀಯಾ?" ಕಲ್ಲುತೊಟ್ಟಿಯ ತಳದಿಂದ ಗಂಡನ ದನಿ ಮೇಲೆ ಬಂತು.

"ನಿನ್ ಬಾಯಿ ಬಿದ್ದೋಗ! ನಿಮ್ಮಪ್ಪನೂ ಹಿಂಗೇ ಬೊಗಳಿ ಬೊಗಳಿ ಹೋದ. ಸಲಿಕೆ ಹಾಕೋ ಸೋಮಾರಿ!"

ಅವಳು ನಗುತ್ತಲೇ ಬೈದಳು. ಅದು ಜಗಳವಲ್ಲ, ಕೆಲಸದ ಕಟ್ಟಳೆ. ಕಾಲಲ್ಲಿ ತುಳಿದ ದ್ರಾಕ್ಷಿ ಸಿಪ್ಪೆಯ ಸಮೇತ ಎರಡು ವಾರ ಹುದುಗಿ, ಕೆಂಪು ವೈನು ತೂಬಿನಿಂದ ಬಸಿದುಹೋದ ಮೇಲೆ, ತಳದಲ್ಲಿ ಸಿಪ್ಪೆ ಮೊಣಕಾಲೆತ್ತರ ಉಳಿಯುತ್ತದೆ. ಒಬ್ಬ ಇಳಿದು ಅದನ್ನು ಬುಟ್ಟಿಗೆ ತುಂಬಬೇಕು. ಮೇಲೆಳೆದು, ಪಟ್ಟಿಮರದ ಪೀಪಾಯಿಗೆ ಸುರಿದು, ತಿರುಪು ಹಾಕಿ ಹಿಂಡಬೇಕು. ಸಲಿಕೆ ತಾಗಿದಷ್ಟೂ ಸಿಪ್ಪೆ ಗಾಳಿ ಬಿಡುತ್ತದೆ. ಕಣ್ಣಿಗೆ ಕಾಣದ, ಉಸಿರಾಡುವ ಗಾಳಿಗಿಂತ ಭಾರವಾದ ಗಾಳಿ ಅದು. ನೀರಿನಂತೆ ತಳ ಹಿಡಿಯುತ್ತದೆ. ಮೊದಲು ಮಾತು ತೊದಲುತ್ತದೆ, ಆಮೇಲೆ ಕಾಲು ಕುಸಿಯುತ್ತದೆ. ಅದಕ್ಕೇ ಇಳಿದವನು ಬಾಯಿ ಮುಚ್ಚುವಂತಿಲ್ಲ. ಹಾಡು ಬೇಗ ಮುಗಿದುಹೋಗುತ್ತದೆ, ಬೈಗುಳ ಮುಗಿಯುವುದಿಲ್ಲ. ಅವಳ ಗಂಡನ ಗಂಟಲಿಗೆ ಜೊತೆಯವರು ಗುಡುಗ ಎಂದೇ ಹೆಸರಿಟ್ಟಿದ್ದರು.

ಅರ್ಧಗೋಡೆಯ ಆಚೆ ಯಜಮಾನ, ಪಟ್ಟಣದಿಂದ ರುಚಿ ನೋಡಲು ಬಂದವರಿಗೆ ವೈನು ಸುರಿಯುತ್ತಿದ್ದ. "ಹೊಳೆ ಆಚೆಯವರದು ತೆಳು, ಬರೀ ಹುಳಿ. ಒಂದು ಬೇಸಿಗೆಗೆ ಸೋತುಹೋಗುತ್ತೆ. ನಮ್ಮದರ ಒಗರು ಈ ಕೆಮ್ಮಣ್ಣಿನದು. ಹತ್ತು ವರ್ಷ ಇಟ್ರೂ ಜಗ್ಗಲ್ಲ. ತುಳಿಯೋದಕ್ಕೆ ಯಂತ್ರ ಇಲ್ಲ, ಎಲ್ಲ ಮನುಷ್ಯರ ಕಾಲೇ." ಅತಿಥಿಗಳು ಬಾಯಿ ಮುಕ್ಕಳಿಸಿ ಹಿತ್ತಾಳೆ ಪಾತ್ರೆಗೆ ಉಗಿದರು.

ಅವಳು ತೊಟ್ಟಿಯೊಳಕ್ಕೆ ಬಗ್ಗಿದಳು. "ಏ, ಕುಡಿಯಲ್ವಂತೆ ಕಣೋ, ಉಗೀತಾರೆ! ಉಗಿಯೋಕೆ ಇಷ್ಟು ದೂರ ಬರಬೇಕಿತ್ತಾ?"

"ನಮ್ ಧಣಿ ಮುಖಕ್ಕಾದ್ರೆ ನಾವೇ ಪುಕ್ಕಟೆ ಉಗೀತಿದ್ವಲ್ಲೇ, ಬೋಳಿಮಗಂಗೆ!"

ಕಲ್ಲುತೊಟ್ಟಿ ಆ ಮಾತನ್ನು ಇಮ್ಮಡಿ ಮಾಡಿ ಹೊರಗೆಸೆಯಿತು. ಯಜಮಾನ ಗೋಡೆ ದಾಟಿ ಬಂದ. ದನಿ ಏರಿಸಲಿಲ್ಲ.

"ಇವ್ರು ಹೋಗೋ ತನಕ ಇಲ್ಲಿಂದ ಒಂದು ಸದ್ದು ಬರಕೂಡದು. ಬಂತೋ, ನಾಳೆಯಿಂದ ಇಬ್ರೂ ಗೇಟಿನ ಹೊರಗೆ. ನಾಯಿ ಜಾತಿ."

"ಧಣಿ, ಇಳಿದೋನು ಮಾತಾಡ್ತಾನೇ ಇರಬೇಕು. ಇಲ್ದಿದ್ರೆ ಒಳಗೇನಾಯ್ತು ಅಂತ..."

"ನಮ್ ತಾತ ಕಟ್ಸಿದ ತೊಟ್ಟಿ. ನಂಗೇ ಪಾಠ ಹೇಳ್ತೀಯೇನೇ?"

"ಹಂಗಾದ್ರೆ ಮೇಲೆ ಬರ್ಲಿ. ಅವ್ರು ಹೋದ್ಮೇಲೆ ಇಳೀತಾನೆ."

"ಅಷ್ಟರಲ್ಲಿ ಸಿಪ್ಪೆ ಹುಳಿಯಾದ್ರೆ ನಿಮ್ಮಪ್ಪ ಕುಡೀತಾನಾ?"

ಯಜಮಾನ ಹೋದ. ಅವನ ಹಿಂದೆಯೇ ಬಂದಿದ್ದ ಮೇಸ್ತ್ರಿ ಅವಳ ಪಕ್ಕದಲ್ಲೇ ನಿಂತ. "ಸೊಂಟಕ್ಕೆ ಹಗ್ಗ ಕಟ್ಟಿದೆಯಲ್ಲಮ್ಮ. ನೀನು ಜಗ್ಗು, ಅವನೂ ಜಗ್ಗಲಿ. ಬಾಯಿ ಯಾಕೆ?"

ಅವಳು ಜಗ್ಗಿದಳು. ಕೆಳಗಿನಿಂದ ಮರುಜಗ್ಗು ಬಂತು. ರಾಟೆಯ ಬಳಿ ಇದ್ದ ಅವಳ ಅಣ್ಣ ಒಂದು ಬುಟ್ಟಿ ಎಳೆದ, ಇನ್ನೊಂದು ಎಳೆದ. ಆಮೇಲೆ ಸಲಿಕೆಯ ಕೆರೆತ ನಿಂತಿತು. ಅವಳು ಜಗ್ಗಿದಳು. ಏನೂ ಬರಲಿಲ್ಲ. ಬಾಯಿ ತೆರೆದಳು; ಮೇಸ್ತ್ರಿ ಕಣ್ಣಲ್ಲೇ ಗೇಟಿನ ಕಡೆ ತೋರಿಸಿದ. ಮತ್ತೆ ಜಗ್ಗಿದಳು. ಈ ಸಲ ಹಗ್ಗ ಅಂಗೈ ಸುಲಿಯುವಷ್ಟು ಜೋರಾಗಿ ಕೆಳಕ್ಕೆ ಸೆಳೆಯಿತು.

ಅಬ್ಬ, ಸಿಟ್ಟು ನೋಡು ಇವನದು, ಅಂದುಕೊಂಡಳು. ಒಳಗೊಳಗೇ ನಕ್ಕು ಹಗ್ಗ ಸಡಿಲ ಬಿಟ್ಟಳು.

ಜಗ್ಗಿದ್ದು ಅವನ ಕೈಯಲ್ಲ, ಬೀಳುತ್ತಿದ್ದ ಮೈ.

ಅಣ್ಣ ರಾಟೆ ಹಿಡಿದು ಕಾದ. ಬುಟ್ಟಿ ತುಂಬಲೇ ಇಲ್ಲ. ಅವಳು ಬಗ್ಗಿ ನೋಡಿದಳು. ಕತ್ತಲಲ್ಲಿ ಬೆನ್ನೊಂದೇ ಕಂಡಿತು.

"ಲೇ! ಸೋಮಾರಿ! ಸೂಳೆಮಗನೇ, ಬೈಯೋ! ಒಂದ್ಸಲ ಬೈಯೋ ನನ್ನ!"

ಗೋಡೆಯಾಚೆ ಲೋಟಗಳ ಸದ್ದು ನಿಂತಿತು. ಯಜಮಾನ ಅತಿಥಿಗಳಿಗೆ "ಕ್ಷಮಿಸಬೇಕು" ಎಂದದ್ದು ಕೇಳಿಸಿತು.

ಮೂವರು ಸೇರಿ ಎಳೆದರು. ಮೂಗು, ಬಾಯಿ, ರೆಪ್ಪೆಗಳ ತುಂಬ ಸಿಪ್ಪೆ ಮೆತ್ತಿತ್ತು. "ಹಿಂದಿನ ಬಾಗಿಲಿಂದ ತಗೊಂಡೋಗಿ," ಎಂದ ಮೇಸ್ತ್ರಿ. ಆಳಿಗೆ ಎದೆನೋವು ಬಂತು ಎಂದು ಅತಿಥಿಗಳಿಗೆ ಹೇಳಿಯಾಯಿತು.

ಮಧ್ಯಾಹ್ನ ತೊಟ್ಟಿಗೆ ಫ್ಯಾನ್ ಇಳಿಬಿಟ್ಟರು, ಇನ್ನೊಬ್ಬನನ್ನೂ ಇಳಿಸಿದರು. ಪೀಪಾಯಿ ತುಂಬಿ ತಿರುಪು ಹಾಕುವ ಹೊತ್ತಿಗೆ ಅವಳು ಹೆಣದ ಬಳಿಯಿಂದ ಎದ್ದು ಬಂದಳು. ಪೀಪಾಯಿ ಹತ್ತಿ ಸಿಪ್ಪೆಯ ಮೇಲೆ ಕಾಲು ಮಡಿಸಿ ಕೂತಳು.

"ಇದ್ರಲ್ಲಿ ನನ್ ಗಂಡನ ಕೊನೇ ಉಸಿರಿದೆ. ಹಿಂಡ್ತೀರಾ? ನನ್ನೂ ಸೇರ್ಸಿ ಹಿಂಡ್ರೋ!"

ಯಜಮಾನ ಅವಳ ಕಡೆ ನೋಡಲೇ ಇಲ್ಲ. ಅವಳ ಅಣ್ಣನಿಗೆ ಹೇಳಿದ: "ಇಳಿಸು. ಇಲ್ಲಾ, ಅವಳ ಜೊತೆ ನೀನೂ ನಡಿ."

ಅಣ್ಣ ಪೀಪಾಯಿಯ ಹತ್ತಿರ ಬಂದ.

"ಇಳಿ ತಂಗಿ. ನನ್ ಮನೇಲೂ ನಾಲ್ಕು ಹೊಟ್ಟೆ ಇದಾವೆ."

"ನೀನೂ ಅವ್ರ ಕೈಯ ಹಗ್ಗಾನೇ ಏನೋ, ಅಣ್ಣಾ?"

ಅವನು ಕಂಕುಳಿಗೆ ಕೈ ಹಾಕಿ ಎತ್ತಿದ. ಅವಳು ಅವನ ಮುಂಗೈ ಕಚ್ಚಿದಳು. ಹಲ್ಲು ಇಳಿದು ರಕ್ತ ಬಂತು. ಅವನು ಬಿಡಲಿಲ್ಲ. ಅವಳನ್ನು ಗೋಡೆಗೆ ಒರಗಿಸಿ, ಮುಂಗೈ ಅಂಗಿಗೆ ಒರೆಸಿಕೊಂಡು, ತಾನೇ ತಿರುಪಿನ ಹಿಡಿಗೆ ಕೈ ಹಾಕಿದ.

ಕತ್ತಲಾಗುವ ಮೊದಲು ಹಿಂಡುವುದು ಮುಗಿಯಿತು. ಆ ದಿನದ ರಸ ಇನ್ನೂರ ಹದಿನೆಂಟು ಲೀಟರ್.